ಕಲಿಸಿದ್ದೇ ತಪ್ಪಾದರೆ? ‘ಡಿಡಾಸ್ಕಲೋಜೆನಿಕ್’ ಅನ್ನೋ ಪದದ ಕಥೆ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಮ್ಮ ಕನ್ನಡ ಸಂಘದ ಆರು ಜನ ಜೆ.ಪಿ. ನಗರದ ಕಡೆಯ ಒಂದು ಕನ್ನಡ ಶಾಲೆಗೆ ಶನಿವಾರ ಶನಿವಾರ ವಿಜ್ಞಾನ ಹೇಳಿಕೊಡೋಕೆ ಹೋಗ್ತಿದ್ವಿ. ಏಳನೇ ಕ್ಲಾಸಿನ ಮಕ್ಕಳು. ಅವತ್ತಿನ ಪಾಠ, ವಿಮಾನ ಹೇಗೆ ಹಾರುತ್ತೆ ಅನ್ನೋದು. ಬೋರ್ಡಿನ ಮೇಲೆ ರೆಕ್ಕೆಯ ಚಿತ್ರ ಬರೆದು, ನಾವು ಪಿಯುಸಿಯಲ್ಲಿ ಕಲಿತಿದ್ದನ್ನೇ ಹೇಳಿದ್ವಿ: “ರೆಕ್ಕೆಯ ಮೇಲ್ಭಾಗ ಉಬ್ಬಿರುತ್ತೆ. ಮೇಲಿಂದ ಹೋಗೋ ಗಾಳಿಗೆ ದಾರಿ ಜಾಸ್ತಿ. ಕೆಳಗಿನ ಗಾಳಿ ಜೊತೆಗೇ ಹಿಂದಿನ ತುದಿ ಮುಟ್ಟಬೇಕಲ್ಲ, ಅದಕ್ಕೆ ಮೇಲಿನ ಗಾಳಿ ಜೋರಾಗಿ ಓಡುತ್ತೆ. ವೇಗ ಹೆಚ್ಚಾದರೆ ಒತ್ತಡ ಕಡಿಮೆ. ವಿಮಾನ ಮೇಲೇಳುತ್ತೆ.”

ಮೂರನೇ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. “ಅಣ್ಣ, ಎರಡೂ ಗಾಳಿ ಒಟ್ಟಿಗೇ ಯಾಕೆ ತಲುಪಬೇಕು?”

ನಮ್ಮ ಹತ್ತಿರ ಉತ್ತರ ಇರಲಿಲ್ಲ. “ಅದು ಹಾಗೇ ಪುಟ್ಟ, ಮುಂದೆ ದೊಡ್ಡ ಕ್ಲಾಸಲ್ಲಿ ಗೊತ್ತಾಗುತ್ತೆ” ಅಂದು ಮುಂದಿನ ಚಿತ್ರಕ್ಕೆ ಹೋದ್ವಿ. ದೊಡ್ಡ ಕ್ಲಾಸಲ್ಲಿ ಇರೋರು ನಾವೇ. ನಮಗೇ ಗೊತ್ತಿರಲಿಲ್ಲ.

ವಾಪಸ್ ಬರುವಾಗ ಜಯನಗರದಲ್ಲಿ ಕಾಫಿ ಕುಡೀತಾ ಈ ಪ್ರಶ್ನೆ ಹಿಡಿದುಕೊಂಡು ಕೂತಾಗ ಗೊತ್ತಾಗಿದ್ದು ಇಷ್ಟು: ಆ ಹುಡುಗಿಯ ಅನುಮಾನ ಸರಿ, ನಮ್ಮ ಪಾಠ ತಪ್ಪು. ಎರಡೂ ಗಾಳಿ ಒಟ್ಟಿಗೆ ತಲುಪಬೇಕು ಅನ್ನೋ ನಿಯಮವೇ ಪ್ರಕೃತಿಯಲ್ಲಿ ಇಲ್ಲ. ಈ ಹುಡುಕಾಟದಲ್ಲೇ ನಮಗೆ ಒಂದು ವಿಚಿತ್ರ ಇಂಗ್ಲಿಷ್ ಪದ ಸಿಕ್ಕಿತು. ಅದೇ ಡಿಡಾಸ್ಕಲೋಜೆನಿಕ್. ಅರ್ಥ: ಬೋಧನೆಯ ದೋಷದಿಂದಲೇ ಹುಟ್ಟಿದ್ದು.

ಪದ ಬಿಡಿಸಿದರೆ

ಈ ಪದ ದಿನಬಳಕೆಯದ್ದಲ್ಲ. ಭೌತವಿಜ್ಞಾನ ಬೋಧನೆಯ ಬಗ್ಗೆ ಸಂಶೋಧನೆ ಮಾಡುವವರ ಬರಹಗಳಲ್ಲಿ ಅಪರೂಪಕ್ಕೆ ಕಾಣುತ್ತೆ. ಆದರೆ ಅದರ ಎರಡೂ ತುಂಡುಗಳು ನಮಗೆ ಪರಿಚಯ ಇರೋವೇ.

ಗ್ರೀಕ್ ಭಾಷೆಯಲ್ಲಿ ‘ಡಿಡಾಸ್ಕಲೋಸ್’ ಅಂದರೆ ಮೇಷ್ಟ್ರು, ‘ಡಿಡಾಸ್ಕೈನ್’ ಅಂದರೆ ಕಲಿಸು. ಗುರುವಿಲ್ಲದೆ ತಾನೇ ಕಲಿತವರನ್ನ ಇಂಗ್ಲಿಷಿನಲ್ಲಿ ‘ಆಟೋಡಿಡಾಕ್ಟ್’ ಅಂತಾರಲ್ಲ, ಅದೂ ಇದೇ ಬೇರಿನದು.

ಎರಡನೇ ತುಂಡು ‘ಜೆನಿಕ್’. ಹುಟ್ಟಿಸುವ ಅಥವಾ ಹುಟ್ಟಿದ ಅನ್ನೋ ಅರ್ಥ. ಕ್ಯಾನ್ಸರ್ ತರುವ ವಸ್ತು ‘ಕಾರ್ಸಿನೋಜೆನಿಕ್’ ಆಗೋದು ಹೀಗೆ. ಗ್ರೀಕಿನ ಈ ಬೇರು ಮತ್ತು ಸಂಸ್ಕೃತದ ‘ಜನ್’ ಧಾತು ಒಂದೇ ಮನೆತನದವು. ನಮ್ಮ ಜನನ, ಜನಕ, ಜನ್ಯ ಎಲ್ಲ ಅಲ್ಲಿಂದಲೇ. ಹಾಗಾಗಿ ಈ ಇಂಗ್ಲಿಷ್ ಪದವನ್ನ ‘ಬೋಧನಾಜನ್ಯ’ ಅಂತ ಕನ್ನಡಕ್ಕೆ ತಂದರೆ ಅದು ಬರೀ ಅನುವಾದ ಅಲ್ಲ, ದೂರದ ನೆಂಟನನ್ನ ಮನೆಗೆ ಕರೆದ ಹಾಗೆ.

ಈ ಪದದ ಅಚ್ಚು ವೈದ್ಯಕೀಯದಲ್ಲಿ ಮೊದಲೇ ಇತ್ತು. ಅಲ್ಲಿ ‘ಐಯಾಟ್ರೋಜೆನಿಕ್’ ಅಂದರೆ ವೈದ್ಯರಿಂದಲೇ ಅಥವಾ ಚಿಕಿತ್ಸೆಯಿಂದಲೇ ಬಂದ ಕಾಯಿಲೆ. ‘ಐಯಾಟ್ರೋಸ್’ ಅಂದರೆ ವೈದ್ಯ. ಇದಕ್ಕೆ ಹೆಸರಾದ ಉದಾಹರಣೆ 1847ರ ವಿಯೆನ್ನಾ ಆಸ್ಪತ್ರೆಯದು. ವೈದ್ಯರು ಮತ್ತು ವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದ ಹೆರಿಗೆ ವಾರ್ಡಿನಲ್ಲಿ, ಸೂಲಗಿತ್ತಿಯರ ವಾರ್ಡಿಗಿಂತ ಬಾಣಂತಿಯರ ಸಾವು ಹೆಚ್ಚಿತ್ತು. ವೈದ್ಯರು ಶವಪರೀಕ್ಷೆ ಮುಗಿಸಿ ಅದೇ ಕೈಯಲ್ಲಿ ಹೆರಿಗೆ ಮಾಡಿಸ್ತಿದ್ದದ್ದೇ ಕಾರಣ ಅಂತ ಇಗ್ನಾಜ್ ಸೆಮ್ಮೆಲ್‌ವೈಸ್ ಊಹಿಸಿ, ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಯೋದನ್ನ ಕಡ್ಡಾಯ ಮಾಡಿದ. ಸಾವು ಇಳಿಯಿತು. ಆ ವೈದ್ಯರು ಕೆಟ್ಟವರೇನಲ್ಲ. ಕಾಪಾಡೋಕೇ ಬಂದಿದ್ದರು. ಕೈಗೆ ಏನು ಅಂಟಿದೆ ಅಂತ ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಪಾಠದ ದೋಷವೂ ಹೀಗೇ. ಕಲಿಸುವವರಿಗೆ ಮೋಸ ಮಾಡೋ ಉದ್ದೇಶ ಇರೋಲ್ಲ. ಅವರಿಗೆ ಅವರ ಮೇಷ್ಟ್ರು ಕೊಟ್ಟಿದ್ದನ್ನ ನಮಗೆ ದಾಟಿಸ್ತಾರೆ. ನಾವು ಏಳನೇ ಕ್ಲಾಸಿಗೆ ದಾಟಿಸಿದ್ವಿ.

ಎಲ್ಲ ತಪ್ಪೂ ಪಾಠದ ತಪ್ಪಲ್ಲ

ಇಲ್ಲಿ ಒಂದು ಗೆರೆ ಎಳೀಬೇಕು. ಭಾರದ ವಸ್ತು ಬೇಗ ಬೀಳುತ್ತೆ, ತಳ್ಳೋದು ನಿಲ್ಲಿಸಿದರೆ ವಸ್ತು ನಿಲ್ಲಲೇಬೇಕು, ಇಂಥ ನಂಬಿಕೆಗಳನ್ನ ನಮಗೆ ಯಾರೂ ಕಲಿಸಿಲ್ಲ. ಗಾಡಿ ತಳ್ಳಿ, ಚೆಂಡು ಎಸೆದು, ಅನುಭವದಿಂದ ನಾವೇ ಕಟ್ಟಿಕೊಂಡಿದ್ದು. ಇವು ಬೋಧನಾಜನ್ಯ ಅಲ್ಲ. ಆದರೆ ಪಾಠ ಆದಮೇಲೂ ಅವು ಹಾಗೇ ಉಳಿದರೆ ಪಾಠ ತನ್ನ ಕೆಲಸ ಮಾಡಿಲ್ಲ ಅಂತಾಯ್ತು.

ಇದನ್ನ ಅಳೆಯೋಕೆ 1992ರಲ್ಲಿ ಅಮೆರಿಕದ ಡೇವಿಡ್ ಹೆಸ್ಟೆನೆಸ್ ಮತ್ತು ಸಂಗಡಿಗರು ‘ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ’ ಅನ್ನೋ ಪರೀಕ್ಷೆ ಪ್ರಕಟಿಸಿದರು. ಲೆಕ್ಕ ಇಲ್ಲ, ಸೂತ್ರ ಇಲ್ಲ. ಬಲ ಮತ್ತು ಚಲನೆ ಬಗ್ಗೆ ಸುಲಭ ಅನ್ನಿಸೋ ಪ್ರಶ್ನೆಗಳು. ಹಾರ್ವರ್ಡಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಎರಿಕ್ ಮಜೂರ್ ತನ್ನ ವಿದ್ಯಾರ್ಥಿಗಳಿಗೆ ಈ ಬಗೆಯ ಪ್ರಶ್ನೆ ಕೊಟ್ಟಾಗ ಒಬ್ಬ ವಿದ್ಯಾರ್ಥಿನಿ, ನೀವು ಕಲಿಸಿದ ಹಾಗೆ ಬರೀಬೇಕಾ, ನಾನು ಯೋಚಿಸೋ ಹಾಗೆ ಬರೀಬೇಕಾ ಅಂತ ಕೇಳಿದಳಂತೆ. ಈ ಪ್ರಶ್ನೆ ನಮಗೂ ಅಪರಿಚಿತ ಅಲ್ಲ. ನಮ್ಮ ತಲೆಯಲ್ಲೂ ಎರಡು ಖಾತೆ ಇದೆ: ಒಂದು ಇಂಟರ್ನಲ್ಸ್‌ಗೆ, ಒಂದು ಬದುಕಿಗೆ.

1998ರಲ್ಲಿ ರಿಚರ್ಡ್ ಹೇಕ್ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ, 62 ಕೋರ್ಸುಗಳ ಇಂಥ ಫಲಿತಾಂಶ ಒಟ್ಟುಗೂಡಿಸಿದ. ಕಲಿಯೋಕೆ ಬಾಕಿ ಇದ್ದದ್ದರಲ್ಲಿ ಎಷ್ಟು ಕಲಿತರು ಅನ್ನೋ ಲೆಕ್ಕ ಅದು. ಬರೀ ಉಪನ್ಯಾಸ ಕೇಳಿದ ತರಗತಿಗಳಲ್ಲಿ ಸರಾಸರಿ 0.23. ಪರಸ್ಪರ ಚರ್ಚಿಸಿ, ಮಾಡಿ ನೋಡಿ ಕಲಿತ ತರಗತಿಗಳಲ್ಲಿ 0.48. ಹೆಚ್ಚುಕಮ್ಮಿ ಎರಡರಷ್ಟು. ಅಂದರೆ ವಿದ್ಯಾರ್ಥಿಯ ಬುದ್ಧಿ ಎಷ್ಟೋ, ಪಾಠದ ರೀತಿಯೂ ಅಷ್ಟೇ ಲೆಕ್ಕಕ್ಕೆ ಬರುತ್ತೆ.

ಇನ್ನು ನಿಜವಾದ ಬೋಧನಾಜನ್ಯ ತಪ್ಪು ಅಂದರೆ, ಪಾಠಕ್ಕೆ ಮುಂಚೆ ನಮ್ಮ ತಲೆಯಲ್ಲಿ ಇಲ್ಲದೇ ಇದ್ದು, ಪಾಠ ಆದಮೇಲೆ ಬಂದು ಕೂತಿದ್ದು. ಸ್ವಲ್ಪ ಉದಾಹರಣೆ ನೋಡೋಣ.

ನಮ್ಮ ತಲೆಯಲ್ಲೇ ಇರುವ ಕೆಲವು

*ರೆಕ್ಕೆ.* ಮೇಲಿನ ಗಾಳಿ ವೇಗವಾಗಿ ಹೋಗೋದು ನಿಜ, ಅಲ್ಲಿ ಒತ್ತಡ ಕಡಿಮೆ ಇರೋದೂ ನಿಜ. ಆದರೆ ‘ಒಟ್ಟಿಗೆ ತಲುಪಬೇಕು, ಅದಕ್ಕೇ’ ಅನ್ನೋದು ಕಟ್ಟುಕಥೆ. ಅಳೆದು ನೋಡಿದರೆ ಮೇಲಿನ ಗಾಳಿ ಕೆಳಗಿನದಕ್ಕಿಂತ ಮೊದಲೇ ತಲುಪುತ್ತೆ. ಉಬ್ಬೇ ಕಾರಣ ಆಗಿದ್ದರೆ ಯಲಹಂಕದ ಏರೋ ಇಂಡಿಯಾದಲ್ಲಿ ವಿಮಾನಗಳು ತಲೆಕೆಳಗಾಗಿ ಹಾರೋದು ಹೇಗೆ? ರೆಕ್ಕೆ ತನ್ನ ಓರೆ ಮತ್ತು ಆಕಾರದಿಂದ ಗಾಳಿಯನ್ನ ಕೆಳಕ್ಕೆ ತಿರುಗಿಸುತ್ತೆ, ಗಾಳಿ ರೆಕ್ಕೆಯನ್ನ ಮೇಲಕ್ಕೆ ತಳ್ಳುತ್ತೆ. ನ್ಯೂಟನ್ನನ ಮೂರನೇ ನಿಯಮ. ಒತ್ತಡದ ವ್ಯತ್ಯಾಸ ಇದೇ ಘಟನೆಯ ಇನ್ನೊಂದು ಮುಖ. ಬರ್ನೂಲಿ ತಪ್ಪಲ್ಲ, ಅವನ ಬಾಯಲ್ಲಿ ನಾವು ಇಟ್ಟ ಕಾರಣ ತಪ್ಪು.

*ಕಡಿಮೆ ರೋಧದ ದಾರಿ.* “ಕರೆಂಟು ರೋಧ ಕಡಿಮೆ ಇರೋ ದಾರೀಲಿ ಹೋಗುತ್ತೆ.” ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಕೇಳದವರಿಲ್ಲ. 12 ವೋಲ್ಟ್ ಬ್ಯಾಟರಿಗೆ 10 ಓಮ್ ಮತ್ತು 100 ಓಮ್ ಅಕ್ಕಪಕ್ಕ ಕಟ್ಟಿ ನೋಡಿ. ಮೊದಲನೆಯದರಲ್ಲಿ 1.2 ಆಂಪಿಯರ್, ಎರಡನೆಯದರಲ್ಲಿ 0.12 ಆಂಪಿಯರ್. ಕಡಿಮೆ ಹರಿಯಿತು, ಹರಿಯದೇ ಇರಲಿಲ್ಲ. ಇರೋ ಎಲ್ಲ ದಾರಿಯಲ್ಲೂ ಕರೆಂಟು ಹಂಚಿಹೋಗುತ್ತೆ. ಪರೀಕ್ಷೆಯಲ್ಲಿ ಈ ತಪ್ಪಿಗೆ ಒಂದು ಅಂಕ ಹೋಗಬಹುದು. ಆದರೆ ‘ಅರ್ಥಿಂಗ್ ಇದೆ, ನನ್ನ ಮೈಗೆ ಬರೋಲ್ಲ’ ಅಂತ ನಂಬಿ ಒದ್ದೆ ಕೈಯಲ್ಲಿ ತಂತಿ ಮುಟ್ಟಿದವನಿಗೆ ಜೀವವೇ ಹೋಗಬಹುದು.

*ಓಡುವ ಎಲೆಕ್ಟ್ರಾನು.* ಸ್ವಿಚ್ ಹಾಕಿದ ತಕ್ಷಣ ಎಲೆಕ್ಟ್ರಾನುಗಳು ಅಲ್ಲಿಂದ ಬಲ್ಬಿಗೆ ಬೆಳಕಿನ ವೇಗದಲ್ಲಿ ಓಡುತ್ತವೆ ಅಂತ ಒಂದು ಚಿತ್ರ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಕರೆಂಟು ಹರಿದರೆ ಎಲೆಕ್ಟ್ರಾನುಗಳ ಸರಾಸರಿ ಮುನ್ನಡೆ ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್. ಒಂದು ಮೀಟರ್ ದಾಟೋಕೆ ಮೂರೂಮುಕ್ಕಾಲು ಗಂಟೆ! ಬಿಟಿಎಂ ಲೇಔಟಿನಿಂದ ಹೊರಟು ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡ ಬಸ್ಸೇ ವಾಸಿ. ಮನೆಯ ಎಸಿ ಕರೆಂಟಿನಲ್ಲಂತೂ ಅವು ನಿಂತಲ್ಲೇ ಹಿಂದೆ ಮುಂದೆ ಅಲ್ಲಾಡುತ್ತವೆ. ಬೇಗ ಹೋಗೋದು ವಿದ್ಯುತ್ ಕ್ಷೇತ್ರದ ಬದಲಾವಣೆ, ಎಲೆಕ್ಟ್ರಾನಲ್ಲ.

*ನಾಲಿಗೆಯ ನಕ್ಷೆ.* ತುದಿಯಲ್ಲಿ ಸಿಹಿ, ಹಿಂದೆ ಕಹಿ, ಪಕ್ಕದಲ್ಲಿ ಹುಳಿ ಅಂತ ಬಣ್ಣ ಹಚ್ಚಿದ ನೆನಪಿದೆಯಾ? 1901ರಲ್ಲಿ ಹ್ಯಾನಿಗ್ ಅನ್ನೋ ಜರ್ಮನ್ ಸಂಶೋಧಕ ಅಳೆದಿದ್ದು ನಾಲಿಗೆಯ ಜಾಗಗಳ ನಡುವಿನ ತೀರಾ ಸಣ್ಣ ವ್ಯತ್ಯಾಸ. 1942ರಲ್ಲಿ ಎಡ್ವಿನ್ ಬೋರಿಂಗ್ ಪುಸ್ತಕದಲ್ಲಿ ಬಂದ ಅದರ ಗ್ರಾಫನ್ನ ಜನ ‘ಬೇರೆ ಕಡೆ ರುಚಿಯೇ ಇಲ್ಲ’ ಅಂತ ಓದಿಕೊಂಡರು. ಮುಂದಿನ ಯುಗಾದಿಗೆ ಬೇವಿನ ಎಸಳನ್ನ ನಾಲಿಗೆಯ ತುದಿಗೆ ಮಾತ್ರ ಮುಟ್ಟಿಸಿ ನೋಡಿ. ಮುಖ ಕಿವುಚದಿದ್ದರೆ ಕೇಳಿ.

*ಸಿ ಭಾಷೆ.* ‘ಐ’ನ ಬೆಲೆ 5 ಇದ್ದಾಗ ‘ಐ++ + ++ಐ’ ಎಷ್ಟು ಅಂತ ಕೇಳೋ ಪ್ರಶ್ನೆಪತ್ರಿಕೆಗಳು ಇವತ್ತಿಗೂ ಓಡಾಡುತ್ತಿವೆ. ಉತ್ತರ 12 ಅಂತ ಕೀ ಇರುತ್ತೆ. ಆದರೆ ಒಂದೇ ಹೇಳಿಕೆಯಲ್ಲಿ ಒಂದೇ ವೇರಿಯಬಲ್ಲನ್ನ ಹೀಗೆ ಎರಡು ಸಲ ಬದಲಾಯಿಸಿದರೆ ಏನಾಗುತ್ತೆ ಅಂತ ಸಿ ಭಾಷೆಯ ಮಾನಕ ಹೇಳೋದೇ ಇಲ್ಲ, ಏನು ಬೇಕಾದರೂ ಆಗಬಹುದು. ಸರಿ ಉತ್ತರ, “ಹೀಗೆ ಬರೀಬೇಡಿ” ಅನ್ನೋದು. ಹಾಗೇ ‘ಇಂಟ್ ಅಂದರೆ 2 ಬೈಟ್’ ಅನ್ನೋ ನೋಟ್ಸು. ಅದು ಟರ್ಬೊ ಸಿ ಕಾಲದ 16 ಬಿಟ್ ಯಂತ್ರಗಳ ಸತ್ಯ. ನಮ್ಮ ಲ್ಯಾಪ್‌ಟಾಪಿನಲ್ಲಿ ‘ಸೈಜ್‌ಆಫ್’ ಕೇಳಿದರೆ ಸಾಮಾನ್ಯವಾಗಿ 4 ಅನ್ನುತ್ತೆ. ಮಷಿನ್ ಒಂದು ಹೇಳುತ್ತೆ, ನೋಟ್ಸ್ ಇನ್ನೊಂದು, ನಾವು ಪರೀಕ್ಷೆಗೆ ನೋಟ್ಸನ್ನೇ ನಂಬ್ತೀವಿ.

ಆಮ್ಲಜನಕ: ಹೆಸರಲ್ಲೇ ಕೂತ ತಪ್ಪು

ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇನ್ನೊಂದು ವಿಶೇಷ ಉದಾಹರಣೆ ಇದೆ. ಆಕ್ಸಿಜನ್ ಅನ್ನೋ ಹೆಸರಿನಲ್ಲೂ ಅದೇ ‘ಜೆನ್’ ಇದೆ. ‘ಆಕ್ಸಿಸ್’ ಅಂದರೆ ಚೂಪು, ಹುಳಿ. 1770ರ ದಶಕದಲ್ಲಿ ಫ್ರಾನ್ಸಿನ ಲವಾಸಿಯೆ ಈ ಹೆಸರು ಕಟ್ಟಿದಾಗ, ಎಲ್ಲ ಆಮ್ಲಗಳಲ್ಲೂ ಈ ಅನಿಲ ಇದ್ದೇ ಇರುತ್ತೆ, ಆಮ್ಲ ಹುಟ್ಟಿಸೋದೇ ಇದು ಅಂತ ನಂಬಿದ್ದ. ಕನ್ನಡದಲ್ಲಿ ಅದನ್ನೇ ಅಚ್ಚುಕಟ್ಟಾಗಿ ‘ಆಮ್ಲಜನಕ’ ಅಂತ ತಂದರು.

1810ರ ಹೊತ್ತಿಗೆ ಹಂಫ್ರಿ ಡೇವಿ, ಕ್ಲೋರಿನ್ ಒಂದು ಧಾತು ಅಂತ ತೋರಿಸಿದ. ಅಂದರೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇರೋದು ಜಲಜನಕ ಮತ್ತು ಕ್ಲೋರಿನ್ ಅಷ್ಟೇ, ಆಮ್ಲಜನಕ ಅದರಲ್ಲಿ ಇಲ್ಲವೇ ಇಲ್ಲ. ಸಿದ್ಧಾಂತ ಬಿತ್ತು, ಹೆಸರು ಉಳಿಯಿತು. ಹಾಗಂತ ಹೆಸರು ಬದಲಾಯಿಸಬೇಕಾಗಿಲ್ಲ. ‘ಇದು ಹಳೇ ನಂಬಿಕೆಯಿಂದ ಬಂದ ಹೆಸರು’ ಅಂತ ಒಂದು ಸಾಲು ಹೇಳಿಬಿಟ್ಟರೆ ಸಾಕು, ತಪ್ಪೇ ಒಂದು ಒಳ್ಳೇ ಪಾಠ ಆಗುತ್ತೆ. ಹೇಳದಿದ್ದರೆ, ಕನ್ನಡ ಬಲ್ಲ ಹುಡುಗ ಪದದ ಅರ್ಥ ಬಿಡಿಸಿ ಪ್ರಾಮಾಣಿಕವಾಗಿಯೇ ತಪ್ಪು ಕಲಿಯುತ್ತಾನೆ.

ಪದಗಳ ಜಾಡು ಹಿಡಿಯೋ ಈ ಚಟಕ್ಕೆ ನಮ್ಮ ಜಯನಗರದಲ್ಲೇ ಒಬ್ಬ ದೊಡ್ಡ ಗುರು ಇದ್ದರು. ವಿಜಯಾ ಕಾಲೇಜಿನಲ್ಲಿ ಕನ್ನಡ ಕಲಿಸಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯ. ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ವರ್ಷಗಟ್ಟಲೆ ಉತ್ತರ ಕೊಟ್ಟವರು. 2021ರಲ್ಲಿ, 107ನೇ ವಯಸ್ಸಿನಲ್ಲಿ ತೀರಿಕೊಂಡರು. ‘ಬೋಧನಾಜನ್ಯ’ ಅನ್ನೋ ನಮ್ಮ ಪದ ಸರಿಯಾ ಅಂತ ಕೇಳೋಕೆ ಅವರು ಇರಬೇಕಿತ್ತು ಅನ್ನಿಸಿತು. ಸಂಸ್ಕೃತ ಭಾರ ಅನ್ನಿಸಿದವರು ‘ಕಲಿಸಿದ ತಪ್ಪು’ ಅನ್ನಿ, ಸಾಕು.

ತಪ್ಪು ಯಾಕೆ ಇಷ್ಟು ಗಟ್ಟಿ?

‘ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು’ ಅಂತ ಗಾದೆ. ಆದರೆ ತಪ್ಪಾಗಿ ಹೇಳಿಕೊಟ್ಟ ಮಾತು ಮಾತ್ರ ಜೀವನಪೂರ್ತಿ ಬರುತ್ತೆ! ನಮಗೆ ತೋಚಿದ ಕಾರಣ ಮೂರು.

ಒಂದು, ತಪ್ಪು ಸರಳವಾಗಿರುತ್ತೆ. ‘ಒಟ್ಟಿಗೆ ತಲುಪಬೇಕು’ ಅನ್ನೋದು ಒಂದು ಸಾಲು, ನಿಜವಾದ ವಿವರಣೆ ಒಂದು ಪುಟ. ಸರಳ ಮಾಡೋದು ತಪ್ಪಲ್ಲ, ಸರಳ ಮಾಡಿದ್ದೀವಿ ಅಂತ ಹೇಳದೇ ಇರೋದು ತಪ್ಪು. ಎರಡು, ಅದಕ್ಕೆ ಅಂಕ ಸಿಗುತ್ತೆ. ಕೀ ಉತ್ತರದಲ್ಲಿ 12 ಇದ್ದಮೇಲೆ ಸರಿ ತಿಳಿದವನೂ 12 ಅಂತಲೇ ಬರೀತಾನೆ. ಮೂರು, ಅದು ನಾವು ಗೌರವಿಸೋರ ಬಾಯಿಂದ ಬಂದಿರುತ್ತೆ. ಮೇಷ್ಟ್ರ ಮಾತನ್ನ ಅನುಮಾನಿಸಿದರೆ ಮೇಷ್ಟ್ರನ್ನೇ ಅನುಮಾನಿಸಿದ ಹಾಗೆ ಅಂತ ನಮಗೆ ಚಿಕ್ಕಂದಿನಿಂದ ಅಭ್ಯಾಸ.

ಈ ಮೊಂಡುತನಕ್ಕೂ ಇಂಗ್ಲಿಷಿನಲ್ಲಿ ಒಂದು ಪದ ಇದೆ, ‘ಮಂಪ್ಸಿಮಸ್’. 16ನೇ ಶತಮಾನದ ಆರಂಭದಿಂದ ಓಡಾಡುತ್ತಿರೋ ಒಂದು ಕಥೆ: ಪಾದ್ರಿಯೊಬ್ಬ ಲ್ಯಾಟಿನ್ ಪ್ರಾರ್ಥನೆಯ ‘ಸಂಪ್ಸಿಮಸ್’ ಅನ್ನೋ ಪದವನ್ನ ವರ್ಷಗಟ್ಟಲೆ ‘ಮಂಪ್ಸಿಮಸ್’ ಅಂತಲೇ ಓದುತ್ತಿದ್ದ. ತಪ್ಪು ತೋರಿಸಿದರೆ, ನಿಮ್ಮ ಹೊಸ ಪದಕ್ಕೋಸ್ಕರ ನನ್ನ ಹಳೇದನ್ನ ಬಿಡೋಲ್ಲ ಅಂದನಂತೆ. ಬೋಧನಾಜನ್ಯ ತಪ್ಪು ಕಲಿಸಿದವರ ಕಡೆಯದು. ಗೊತ್ತಾದಮೇಲೂ ಬಿಡದಿದ್ದರೆ ಅದು ನಮ್ಮ ಮಂಪ್ಸಿಮಸ್.

ಎಲ್ಲಕ್ಕಿಂತ ಕೆಟ್ಟ ತಪ್ಪು ಪಾಠ

ರಷ್ಯನ್ ಮನಶ್ಶಾಸ್ತ್ರದಲ್ಲಿ ಇದೇ ಬೇರಿನ ಇನ್ನೊಂದು ಪದ ಇದೆ, ‘ಡಿಡಾಕ್ಟೋಜೆನಿ’. ಅದು ವಿಷಯದ ತಪ್ಪಿನ ಬಗ್ಗೆ ಅಲ್ಲ. ಕಲಿಸುವವರ ಒರಟು ಮಾತು, ಅವಮಾನದಿಂದ ವಿದ್ಯಾರ್ಥಿಯ ಮನಸ್ಸಿಗೆ ಆಗೋ ಗಾಯದ ಬಗ್ಗೆ.

ಇದನ್ನ ಓದಿದಾಗ ನಮ್ಮಲ್ಲಿ ಇಬ್ಬರು ಸ್ವಲ್ಪ ಹೊತ್ತು ಸುಮ್ಮನಾದರು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ, ಪಿಯುಸಿಗೆ ಬೆಂಗಳೂರಿಗೆ ಬಂದವರು. ಮೊದಲ ತಿಂಗಳಲ್ಲೇ ಒಬ್ಬನಿಗೆ “ನಿನಗೆ ಸೈನ್ಸ್ ಅಲ್ಲಪ್ಪ” ಅಂತ ಕ್ಲಾಸಿನ ಮುಂದೆಯೇ ಹೇಳಿದ್ದರು. ಅವನಿಗೆ ಗೊತ್ತಿಲ್ಲದೇ ಇದ್ದಿದ್ದು ಭೌತವಿಜ್ಞಾನ ಅಲ್ಲ. ವೇಗೋತ್ಕರ್ಷ ಅಂತ ಗೊತ್ತಿದ್ದದ್ದನ್ನ ಆಕ್ಸಿಲರೇಶನ್ ಅಂತಾರೆ ಅನ್ನೋದು. ರೆಕ್ಕೆಯ ತಪ್ಪನ್ನ ಒಂದು ಕಾಫಿ ಮುಗಿಯೋದರಲ್ಲಿ ಸರಿ ಮಾಡಿಕೊಂಡ್ವಿ. ‘ನಾನು ದಡ್ಡ’ ಅನ್ನೋ ಕಲಿಸಿದ ತಪ್ಪನ್ನ ಅವನು ಸರಿ ಮಾಡಿಕೊಳ್ಳೋಕೆ ಮೂರು ವರ್ಷ ಹಿಡಿಯಿತು. ಕ್ಯಾಂಪಸ್ಸಿನಲ್ಲಿ ಇನ್ನೂ ಅದನ್ನ ಹೊತ್ತುಕೊಂಡು ಓಡಾಡೋರು ಇದ್ದಾರೆ. ನೀವು ಅವರಲ್ಲಿ ಒಬ್ಬರಾದರೆ ಈ ಲೇಖನ ನಿಮಗೇ.

ಹಾಗಂತ ಈ ಪದ ಸಿಕ್ಕಿತು ಅಂತ ಬ್ಯಾಕ್‌ಲಾಗಿಗೆಲ್ಲ ಮೇಷ್ಟ್ರೇ ಕಾರಣ ಅನ್ನೋ ಹಾಗಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪುಸ್ತಕ ತೆರೆಯದೇ ಫೇಲಾಗಿದ್ದಕ್ಕೆ ಗ್ರೀಕ್ ಭಾಷೆಯಲ್ಲಿ ನೆಪ ಹುಡುಕಬೇಡಿ.

ಪ್ರಶ್ನೆ ಕೇಳೋದು ಅವಿಧೇಯತೆ ಅಲ್ಲ

ಇದಕ್ಕೆ ಮದ್ದೂ ನಮ್ಮ ದಕ್ಷಿಣ ಬೆಂಗಳೂರಿನಲ್ಲೇ ಇತ್ತು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಡಾ. ಎಚ್. ನರಸಿಂಹಯ್ಯ, ಭೌತವಿಜ್ಞಾನದ ಮೇಷ್ಟ್ರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿ, ಸಾಮಾನ್ಯ ಜನಕ್ಕೂ ವಿಜ್ಞಾನದ ಉಪನ್ಯಾಸ ಸಿಗೋ ಹಾಗೆ ಮಾಡಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರಿಶೀಲಿಸೋಕೆ ಸಮಿತಿಯನ್ನೇ ಮಾಡಿದರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಅನ್ನೋದೇ ಅವರ ಜೀವನದ ಪಾಠ. ಮೇಷ್ಟ್ರು ಹೇಳಿದ್ದಕ್ಕೂ ಅದು ಅನ್ವಯ ಅಂತ ಒಬ್ಬ ಮೇಷ್ಟ್ರೇ ಹೇಳಿಕೊಟ್ಟ ಹಾಗಾಯ್ತು.

ನಾವು ಈಗ ಮಾಡ್ತಿರೋದು ಇಷ್ಟೇ. ಕಾರಣ ಕೊಟ್ಟಾಗ ‘ಯಾಕೆ ಹಾಗೇ ಆಗಬೇಕು’ ಅಂತ ಒಂದು ಹೆಜ್ಜೆ ಹಿಂದೆ ಕೇಳೋದು. ವಿವರಣೆಯನ್ನ ಒಂದು ವಿಚಿತ್ರ ಸಂದರ್ಭಕ್ಕೆ ಹಚ್ಚಿ ನೋಡೋದು, ತಲೆಕೆಳಗಾದ ವಿಮಾನದ ಹಾಗೆ. ಸಾಧ್ಯವಾದರೆ ಮಾಡಿ ನೋಡೋದು: ಮಲ್ಟಿಮೀಟರ್ ಇದೆ, ಕಂಪೈಲರ್ ಇದೆ, ನಾಲಿಗೆ ಇದೆ. ಆಮೇಲೆ ಕ್ಲಾಸಲ್ಲಿ “ಸರ್, ನೀವು ತಪ್ಪು” ಅನ್ನದೆ, “ಮೇಡಂ, ಇಲ್ಲೊಂದು ಡೌಟು, ಹೀಗಾದರೆ ಏನಾಗುತ್ತೆ?” ಅಂತ ಕೇಳೋದು. ಹಾಗೆ ಕೇಳಿದಾಗ ನಮ್ಮ ಲೆಕ್ಚರರ್ ಒಬ್ಬರು ಸ್ವಲ್ಪ ಯೋಚಿಸಿ, “ನಂಗೂ ಹೀಗೇ ಕಲಿಸಿದ್ರು ಕಣ್ರೋ. ನಾಳೆ ನೋಡ್ಕೊಂಡು ಬರ್ತೀನಿ” ಅಂದರು. ಮಾರನೇ ದಿನ ನೋಡಿಕೊಂಡೂ ಬಂದರು. ಅವತ್ತಿನ ಪಾಠ ನಮಗೆ ಮರೆಯೋಲ್ಲ.

ಮುಂದಿನ ಶನಿವಾರ ನಾವೂ ಆ ಶಾಲೆಗೆ ಹೋಗಿ ಬೋರ್ಡಿನ ಮೇಲೆ ಅದೇ ರೆಕ್ಕೆ ಬರೆದ್ವಿ. “ಹೋದ ವಾರ ನಾವು ಹೇಳಿದ್ದು ತಪ್ಪು” ಅಂದ್ವಿ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಟ್ಟಿನ ತುಂಡನ್ನ ಫ್ಯಾನಿನ ಮುಂದೆ ಓರೆ ಹಿಡಿಸಿ, ಕೈ ಮೇಲಕ್ಕೆ ಹೋಗೋದನ್ನ ಎಲ್ಲರಿಗೂ ತೋರಿಸಿದ್ವಿ. ಮೂರನೇ ಬೆಂಚಿನವಳು ನೋಟ್ಸ್ ತೆಗೆದು, “ಅಣ್ಣ, ಹಳೇದನ್ನ ಹೊಡೆದುಹಾಕ್ಲಾ?” ಅಂತ ಕೇಳಿದಳು.

ಬೇಡ ಪುಟ್ಟ, ಪಕ್ಕದಲ್ಲಿ ‘ಇದು ಯಾಕೆ ತಪ್ಪು’ ಅಂತ ಬರ್ಕೋ ಅಂದ್ವಿ.

ನಿಮ್ಮ ನೋಟ್ಸಿನಲ್ಲೂ ಇಂಥವು ಇರುತ್ತವೆ. ಸಿಕ್ಕಿದರೆ ಬರೆದು ನಮ್ಮ ಸಂಘಕ್ಕೆ ಕೊಡಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಈ ಲೇಖನದಲ್ಲೇ ತಪ್ಪು ಸಿಕ್ಕಿದರೆ ಅದನ್ನ ಮೊದಲು ಕೊಡಿ.